ಅಪ್ಪ ಬಿಡಿಸಿದ ಚಿತ್ರಗಳು ವಿಂಡೋಸ್‌ನಲ್ಲಿ ತೆರೆಯುತ್ತಿಲ್ಲ

ಪ್ರಶ್ನೆ: ಬೆಳಗಾವಿಯ ಶಹಾಪುರದಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. 1990ರ ದಶಕದಲ್ಲಿ ಅಪ್ಪ ಆಪಲ್‌ನ ಮ್ಯಾಕ್ ಕಂಪ್ಯೂಟರ್‌ನಲ್ಲಿ ಲಗ್ನಪತ್ರಿಕೆಗೆಂದು ಕಳಸ, ಬಾಸಿಂಗ, ತೊಟ್ಟಿಲು ಎಲ್ಲ ಬಿಡಿಸಿದ್ದರು. ಅವನ್ನು ಗೆಳೆಯರೊಬ್ಬರ ಮ್ಯಾಕ್‌ನಿಂದ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡೆ. ವಿಂಡೋಸ್‌ನಲ್ಲಿ ಒಂದೂ ತೆರೆಯುತ್ತಿಲ್ಲ. ಪ್ರತಿ ಹೆಸರೂ ಎರಡೆರಡು ಸಲ ಕಾಣುತ್ತದೆ. ಹೆಸರಿನ ಕೊನೆಗೆ ಜೆಪಿಜಿ ಅಂತ ಸೇರಿಸಿದರೂ ಆಗಲಿಲ್ಲ. ಚಿತ್ರ ಹಾಳಾಗಿವೆಯೇ?

ಉತ್ತರ: ಹಾಳಾಗಿರುವ ಸಾಧ್ಯತೆ ಕಡಿಮೆ, ಗಾಬರಿ ಬೇಡ. ಮೊದಲು ಇಡೀ ಪೆನ್‌ಡ್ರೈವ್‌ನ ಒಂದು ನಕಲು ತೆಗೆದು ಬೇರೆ ಕಡೆ ಇಡಿ, ಮುಂದಿನ ಕೆಲಸವೆಲ್ಲ ನಕಲಿನ ಮೇಲೆಯೇ ಮಾಡಿ.

ಎರಡೆರಡು ಹೆಸರು ಬಂದಿದೆಯಲ್ಲ, ಚುಕ್ಕೆ ಮತ್ತು ಅಡಿಗೆರೆಯಿಂದ ಶುರುವಾಗುವ, ಸಾಮಾನ್ಯವಾಗಿ 4 ಕೆಬಿಯಷ್ಟೇ ಇರುವ ಪುಟ್ಟ ಫೈಲ್‌ನಲ್ಲಿ ಚಿತ್ರ ಇರುವುದಿಲ್ಲ. ಅದು ಮ್ಯಾಕ್ ತನಗಾಗಿ ಬರೆದುಕೊಂಡ ಮಾಹಿತಿ. ದೊಡ್ಡದನ್ನು ನೋಡಿ. ಆಗಿನ ಮ್ಯಾಕ್‌ಗೆ ಹೆಸರಿನ ಬಾಲ (ಕೊನೆಯ ಚುಕ್ಕೆಯ ನಂತರದ ಜೆಪಿಜಿಯಂಥ ಅಕ್ಷರ) ಬೇಕಿರಲಿಲ್ಲ, ಫೈಲ್ ಯಾವ ಜಾತಿಯದು ಅನ್ನುವುದನ್ನು ಅದು ಬೇರೆಯಾಗಿಯೇ ಇಟ್ಟುಕೊಳ್ಳುತ್ತಿತ್ತು. ವಿಂಡೋಸ್ ನೋಡುವುದು ಬಾಲವನ್ನೇ. ಸುಮ್ನೆ ಜೆಪಿಜಿ ಅಂತ ಹೆಸರಿಟ್ಟರೆ ಒಳಗಿರುವುದು ಬದಲಾಗುವುದಿಲ್ಲ, ಅಲ್ವಾ?

ಹಾಗಾದರೆ ಒಳಗೇನಿದೆ? ಹೆಕ್ಸ್ ಎಡಿಟರ್‌ನಲ್ಲಿ (ಫೈಲ್‌ನ ಒಳಗಿನ ಬೈಟ್‌ಗಳನ್ನು ಇದ್ದ ಹಾಗೇ ತೋರಿಸುವ ಪ್ರೋಗ್ರಾಂ) ಫೈಲ್ ತೆರೆದು ಮೊದಲ ಇಂಗ್ಲಿಷ್ ಅಕ್ಷರಗಳನ್ನು ನೋಡಿ. 'ಎಂ ಎಂ' ಅಥವಾ 'ಐ ಐ' ಇದ್ದರೆ ಟಿಫ್. 'ಜಿಐಎಫ್' ಇದ್ದರೆ ಗಿಫ್. ಮೊದಲ 512 ಬೈಟ್ ಬರೀ ಸೊನ್ನೆಯಾದರೆ ಬಹುಶಃ ಮ್ಯಾಕ್‌ನದೇ ಚಿತ್ರದ ಬಗೆಯಾದ ಪಿಕ್ಟ್. ಈ 'ಎಂ ಎಂ' ಅಂದರೆ ಮೊಟೊರೊಲಾ, ಆಗಿನ ಮ್ಯಾಕ್‌ನ ಚಿಪ್. 'ಐ ಐ' ಅಂದರೆ ಇಂಟೆಲ್. ಒಂದು ಸಂಖ್ಯೆಯನ್ನು ಬರೆಯುವಾಗ ಮೊಟೊರೊಲಾ ಹೆಚ್ಚು ಬೆಲೆಯ ಬೈಟ್ ಮೊದಲು ಬರೆಯುತ್ತದೆ, ಇಂಟೆಲ್ ಕಡಿಮೆ ಬೆಲೆಯದನ್ನು. 300 ಅಂತ ಬರೆದದ್ದನ್ನು ತಿರುಗುಮುರುಗಾಗಿ ಓದಿದರೆ 11265 ಆಗುತ್ತದೆ! ಅದಕ್ಕೇ ಟಿಫ್ ಮಾಡಿದವರು ಮೊದಲ ಎರಡು ಅಕ್ಷರದಲ್ಲೇ ಯಾವ ಕಡೆಯಿಂದ ಓದಬೇಕು ಅಂತ ಹೇಳಿಬಿಟ್ಟರು. ನನಗೆ ಬಹಳ ಇಷ್ಟವಾದ ಉಪಾಯ ಇದು.

ಟಿಫ್ ಆದರೆ ಹೆಸರಿನ ಕೊನೆಗೆ ಟಿಐಎಫ್ ಅಂತ ಸೇರಿಸಿ, ಜಿಂಪ್ ಅನ್ನುವ ಉಚಿತ ಚಿತ್ರ ತಿದ್ದುವ ಪ್ರೋಗ್ರಾಂನಲ್ಲಿ ತೆರೆದುಕೊಳ್ಳುತ್ತದೆ. ಪಿಕ್ಟ್‌ಗೆ ಎಕ್ಸ್‌ಎನ್‌ವ್ಯೂ ಅನ್ನುವ ಪ್ರೋಗ್ರಾಂ ನೋಡಿ, ನೂರಾರು ಫೈಲ್ ಒಟ್ಟಿಗೆ ಬದಲಿಸುತ್ತದೆ. ಸ್ವಂತ ಬಳಕೆಗೆ ಉಚಿತ, ಪ್ರೆಸ್‌ಗೆ ಲೈಸೆನ್ಸ್ ಬೇಕು. ಇದೇ ಕೆಲಸ ಮಾಡುವ ಇಮೇಜ್‌ಮ್ಯಾಜಿಕ್ ಆದರೆ ಪ್ರೆಸ್‌ಗೂ ಉಚಿತ, ಆದರೆ ಕಮಾಂಡ್ ಟೈಪ್ ಮಾಡಬೇಕು.

ದಯವಿಟ್ಟು ಜೆಪಿಜಿಗೆ ಮಾತ್ರ ಬದಲಿಸಬೇಡಿ. ಕಪ್ಪು ಬಿಳುಪಿನ ಗೆರೆಚಿತ್ರಕ್ಕೆ ಅದು ಸರಿಹೋಗುವುದಿಲ್ಲ. ಕಳಸದ ಮೇಲಿನ ಮಾವಿನೆಲೆಯ ಅಂಚನ್ನು ದೊಡ್ಡದು ಮಾಡಿ ನೋಡಿದರೆ ಸುತ್ತ ಬೂದು ಬಣ್ಣದ ಚುಕ್ಕೆ ಎದ್ದಿರುತ್ತವೆ, ಅಚ್ಚಿನಲ್ಲಿ ಅದು ಕೊಳೆಯಂತೆ ಕಾಣುತ್ತದೆ. ಪಿಎನ್‌ಜಿ ಅಥವಾ ಟಿಫ್‌ನಲ್ಲೇ ಉಳಿಸಿ.

ಇನ್ನೊಂದು ವಿಷಯ, ಅಳತೆ. ಹಳೆಯ ಮ್ಯಾಕ್‌ನ ಚಿತ್ರ ಬಿಡಿಸುವ ಪ್ರೋಗ್ರಾಂ ಮ್ಯಾಕ್‌ಪೇಂಟ್‌ನಲ್ಲಿ ಬಿಡಿಸಿದ ಚಿತ್ರಗಳಿದ್ದರೆ ಇಡೀ ಪುಟ 576 ಅಡ್ಡ, 720 ಉದ್ದದ ಪಿಕ್ಸೆಲ್ ಅಷ್ಟೇ. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಅಚ್ಚು ಹಾಕಿದರೆ ಎರಡು ಇಂಚಿಗಿಂತ ಕಮ್ಮಿ ಅಗಲ ಬರುತ್ತದೆ. ಲಗ್ನಪತ್ರಿಕೆಯ ಮೂಲೆಗೆ ಅದು ಸಾಕು. ಇಡೀ ಪುಟಕ್ಕೆ ಬೇಕೆಂದರೆ, ಅಪ್ಪ ಕಾಗದದ ಮೇಲೆ ಬಿಡಿಸಿದ ಮೂಲಚಿತ್ರ ಪ್ರೆಸ್‌ನ ಕಪಾಟಿನಲ್ಲಿ ಇದೆಯಾ ಹುಡುಕಿ, ಸಿಕ್ಕರೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ.