ಸಣ್ಣ ಭೂಕಂಪ ಆದಾಗ ಒಂದೇ ಮನೇಲಿ ಒಬ್ಬರಿಗೆ ಗೊತ್ತಾಗಿ ಇನ್ನೊಬ್ಬರಿಗೆ ಏನೂ ಗೊತ್ತಾಗದೇ ಇರೋದು ಯಾಕೆ?

ನೀವು ನಾಲ್ಕನೇ ಮಹಡಿಲಿ ಮಲಗಿದ್ರಿ, ಮಂಚ ಅಲುಗಾಡಿದ ಹಾಗಾಯ್ತು, ಅದೇ ಹೊತ್ತಿಗೆ ಕೆಳಗೆ ವಾಕಿಂಗ್ ಮಾಡ್ತಿದ್ದ ನಿಮ್ಮ ಯಜಮಾನ್ರು ಏನೂ ಆಗಿಲ್ಲ, ನಿಂಗೆ ಭ್ರಮೆ ಅಂತಾರೆ, ಯಾರು ಸರಿ ಅಂತ ಕೇಳಿದೀರ. ಇಬ್ರೂ ಸರಿ ಇರಬಹುದು ಮೇಡಂ. ಮನೆ ಜಗಳ ಬಿಡಿಸೋಕೆ ಹೇಳ್ತಿರೋ ಮಾತಲ್ಲ ಇದು, ಸಣ್ಣ ಭೂಕಂಪ ಇರೋದೇ ಹಾಗೆ, ನೀವು ಎಲ್ಲಿದ್ರಿ ಏನ್ ಮಾಡ್ತಿದ್ರಿ ಅನ್ನೋದರ ಮೇಲೆ ಅದು ಆಗಿದ್ದೂ ಹೌದು ಆಗದೇ ಇದ್ದಿದ್ದೂ ಹೌದು ಅನ್ನೋ ಥರ ಆಗುತ್ತೆ.

ನಾನಿರೋದು ಮೈಸೂರು, ಊರು ಕೆ.ಆರ್.ಪೇಟೆ ತಾಲ್ಲೂಕು. 2022ರ ಜೂನ್ 23ರ ಬೆಳಗಿನ ಜಾವ 4 ಗಂಟೆ 37 ನಿಮಿಷಕ್ಕೆ ಹೊಳೆನರಸೀಪುರ ತಾಲ್ಲೂಕಲ್ಲಿ 3.4 ಮ್ಯಾಗ್ನಿಟ್ಯೂಡಿಂದು ಒಂದು ಆಯ್ತಲ್ಲ, ಹಾಸನ ಕೊಡಗಿನ ಜೊತೆ ನಮ್ಮ ಕಡೆಗೂ ಸ್ವಲ್ಪ ತಟ್ತು, ಅವತ್ತು ನಾನು ಊರಲ್ಲೇ ಇದ್ದೆ. ನಾನು ಮಲಗಿದ್ದಿದ್ದು ಮೇಲೆ ಹೊಸದಾಗಿ ಕಟ್ಟಿಸಿದ ರೂಮಲ್ಲಿ, ಅರ್ಧ ಎಚ್ಚರ ಆಗಿತ್ತು, ಕಿಟಕಿ ಗಾಜು ಟರ್ ಅಂತು, ಮಂಚ ಒಂದು ಸಲ ಜಗ್ಗಿದ ಹಾಗಾಯ್ತು, ಅಷ್ಟೆ, ಮುಗಿದೇ ಹೋಯ್ತು. ಕೆಳಗೆ ನಡುಮನೇಲಿ ಚಾಪೆ ಮೇಲೆ ಮಲಗೋ ನಮ್ಮಜ್ಜಿಗೆ ಅಲುಗಾಡಿದ್ದಕ್ಕಿಂತ ಮೊದಲು ಶಬ್ದ ಕೇಳಿಸಿದೆ, "ನೆಲದೊಳ್ಗೆ ಗುಡುಗ್ದಂಗಾಯ್ತು ಕಣ್ಲಾ" ಅಂತ ಎದ್ದು ಕೂತಿದ್ರು. ಜಗಲಿ ಮೇಲೆ ಮಲಗಿದ್ದ ಅಪ್ಪನಿಗೆ ಏನಂದ್ರೆ ಏನೂ ಇಲ್ಲ, ನಾವು ಮಾತಾಡೋ ಗಲಾಟೆಗೆ ಎಚ್ಚರ ಆಗಿ "ಇಷ್ಟೊತ್ತಲ್ಲಿ ಏನ್ ನಿಮ್ದು" ಅಂತ ಬೈದ್ರು. ಅವ್ವ ಕೊಟ್ಟಿಗೇಲಿ ಸಗಣಿ ಬಾಚ್ತಿದ್ದಿದ್ದು, ಅವ್ವಂಗೂ ಗೊತ್ತಾಗಿಲ್ಲ, ಆಮೇಲೆ ಕೇಳಿ ಕೇಳಿ ಹೇಳಿಸಿದ್ದು, "ಹಸ ಒಂದ್ ಹೆಜ್ಜೆ ಹಿಂದಕ್ ಹಾಕ್ತು, ಯಾವ್ದೋ ನೊಣ ಕಚ್ತೇನೋ ಅನ್ಕಂಡೆ" ಅಂತ. ತ್ರೀ ಫೇಸ್ ಕರೆಂಟ್ ಬಂದಿದೆ ಅಂತ ಗದ್ದೆಗೆ ಮೋಟ್ರು ಆನ್ ಮಾಡಕ್ಕೆ ನಡ್ಕೊಂಡ್ ಹೋಗ್ತಿದ್ದ ತಮ್ಮ ಮಾತ್ರ ನಾವೆಲ್ಲ ಸೇರಿ ತಮಾಷೆ ಮಾಡ್ತಿದೀವಿ ಅಂತಲೇ ಅಂದುಕೊಂಡಿದ್ದ, ಟಿವಿಲಿ ಬರೋವರೆಗೂ ನಂಬಲಿಲ್ಲ.

ಈಗ ಯಾಕೆ ಅನ್ನೋದು. ಟಿವಿಲಿ 3.4 ಅಂತ ಹೇಳ್ತಾರಲ್ಲ, ಅದು ಮ್ಯಾಗ್ನಿಟ್ಯೂಡ್, ಭೂಮಿ ಒಳಗೆ ಬಂಡೆ ಜರುಗಿದ ಜಾಗದಲ್ಲಿ ಎಷ್ಟು ಶಕ್ತಿ ಹೊರಗೆ ಬಂತು ಅನ್ನೋ ಲೆಕ್ಕ, ಒಂದು ಭೂಕಂಪಕ್ಕೆ ಅದು ಒಂದೇ. ನಿಮ್ಮ ಮಂಚದ ಹತ್ತಿರ ಎಷ್ಟು ಅಲುಗಾಡ್ತು ಅನ್ನೋದು ಬೇರೆ, ಅದಕ್ಕೆ ಇಂಟೆನ್ಸಿಟಿ ಅಂತಾರೆ, ಅದು ಊರಿಂದೂರಿಗೆ, ಮನೆಯಿಂದ ಮನೆಗೆ, ಮಹಡಿಯಿಂದ ಮಹಡಿಗೆ ಬದಲಾಗುತ್ತೆ. ಸಾರಿಗೆ ಬಸ್ಸಲ್ಲಿ ಹಿಂದಿನ ಸೀಟಲ್ಲಿ ಕೂತವನು ಅದೇ ಹಳ್ಳಕ್ಕೆ ಮೇಲಕ್ಕೆ ಹಾರ್ತಾನೆ, ಮಧ್ಯದಲ್ಲಿ ಕೂತವನು ನಿದ್ದೆ ಮಾಡ್ತಿರ್ತಾನೆ, ಹಾಗೆ. ಇದನ್ನ ಅಳೆಯೋಕೆ ಮರ್ಕಾಲಿ ಸ್ಕೇಲ್ ಅಂತ ಒಂದಿದೆ, 1ರಿಂದ 12ರವರೆಗೆ. ಅದರಲ್ಲಿ 2ನೇ ಮೆಟ್ಟಿಲಿನ ವಿವರಣೆ ಓದಿದ್ರೆ ನಿಮ್ಮನ್ನೇ ನೋಡಿ ಬರೆದ ಹಾಗಿದೆ: ಸುಮ್ಮನೆ ಮಲಗಿರೋ ಅಥವಾ ಕೂತಿರೋ ಕೆಲವೇ ಜನಕ್ಕೆ, ಅದರಲ್ಲೂ ಮೇಲಿನ ಮಹಡಿಲಿ ಇರೋರಿಗೆ ಗೊತ್ತಾಗುತ್ತೆ. 3ರಲ್ಲಿ ಮನೆ ಒಳಗಿರೋರಿಗೆ ಲಾರಿ ಹೋದಂಗೆ ಅನ್ನಿಸುತ್ತೆ, ಎಷ್ಟೋ ಜನಕ್ಕೆ ಅದು ಭೂಕಂಪ ಅಂತ ಹೊಳೆಯೋದೇ ಇಲ್ಲ. ಪಾತ್ರೆ, ಬಾಗಿಲು, ಕಿಟಕಿ ಶಬ್ದ ಮಾಡೋದು 4ರಲ್ಲಿ. ಅಂದ್ರೆ ಕೆಲವರಿಗೆ ಗೊತ್ತಾಗಿ ಕೆಲವರಿಗೆ ಗೊತ್ತಾಗದೇ ಇರೋದನ್ನೇ ಅಳತೆ ಮಾಡಿಕೊಂಡು ಆ ಸ್ಕೇಲಿನ ಕೆಳಗಿನ ಮೆಟ್ಟಿಲುಗಳನ್ನ ಮಾಡಿರೋದು.

ನಡೀತಾ ಇರೋರಿಗೆ ಯಾಕೆ ಗೊತ್ತಾಗಲ್ಲ ಅಂದ್ರೆ ಪ್ರತಿ ಹೆಜ್ಜೆಗೂ ನಮ್ಮ ಮೈ ಅದಕ್ಕಿಂತ ಜಾಸ್ತಿ ಅಲುಗಾಡ್ತಾನೇ ಇರುತ್ತೆ, ಅದರ ಮಧ್ಯ ಇಷ್ಟು ಸಣ್ಣ ಅದುರು ಬಂದ್ರೆ ತಿಳಿಯೋದು ಎಲ್ಲಿಂದ, ಬೈಕಲ್ಲಿ ಕಾರಲ್ಲಿ ಇದ್ರಂತೂ ಮುಗೀತು, ನಮ್ಮ ಮಂಡ್ಯ ಕಡೆ ಕಬ್ಬಿನ ಲಾರಿ ಓಡಾಡೋ ರೋಡ್ ಪಕ್ಕ ಮನೆ ಇರೋರನ್ನ ಕೇಳಲೇಬೇಡಿ, ಅವರಿಗೆ ದಿನಾ ಭೂಕಂಪ.

ಅಜ್ಜಿಗೆ ಶಬ್ದ ಮೊದಲು ಕೇಳಿದ್ದು ಕೂಡ ವಯಸ್ಸಿನ ಭ್ರಾಂತಿ ಅಲ್ಲ. ಭೂಕಂಪದಿಂದ ಎರಡು ಥರ ಅಲೆ ಹೊರಡುತ್ತೆ, ಪಿ ಅಲೆ ಅನ್ನೋದು ಸೆಕೆಂಡಿಗೆ ಐದಾರು ಕಿ.ಮೀ. ಓಡುತ್ತೆ, ಎಸ್ ಅಲೆ ಮೂರು ಮೂರೂವರೆ. ಮೊದಲು ಬರೋ ಪಿ ಅಲೆ ಅಷ್ಟಾಗಿ ಅಲುಗಾಡಿಸಲ್ಲ, ಆದ್ರೆ ಅದು ಗಾಳಿಗೆ ದಾಟಿದಾಗ ಕಿವಿಗೆ ಗುಡುಗಿನ ಹಾಗೆ ಕೇಳಬಹುದು, ಅದರಲ್ಲೂ ನಮ್ಮ ಕಡೆ ಥರ ಗಟ್ಟಿ ಬಂಡೆ ಇರೋ ನೆಲದಲ್ಲಿ ಆ ಚುರುಕಾದ ಕಂಪನ ಅಷ್ಟು ಬೇಗ ಸತ್ತು ಹೋಗಲ್ಲ. ಎರಡಕ್ಕೂ ಮಧ್ಯ ಒಂದು ಸೆಕೆಂಡ್ ಅಂತರ ಅಂದ್ರೆ ಹತ್ತಿರ ಹತ್ತಿರ 8 ಕಿ.ಮೀ. ದೂರ ಅಂತ ಒಂದು ಅಂದಾಜು ಲೆಕ್ಕ ಇದೆ, ಮುಂದಿನ ಸಲ ಬೇಕಾದ್ರೆ ಎಣಿಸಿ ನೋಡಿ.

ಇದಕ್ಕೆ ಪೂರ್ತಿ ಉಲ್ಟಾ ಅನುಭವ ನಮ್ಮ ಭಾವಂದು. 2012ರ ಏಪ್ರಿಲ್ 11ರ ಮಧ್ಯಾಹ್ನ ಸುಮಾತ್ರಾ ಹತ್ತಿರ ಸಮುದ್ರದಲ್ಲಿ 8.6ರದ್ದು ಆಯ್ತು, ಸುಮಾರು ಎರಡು ಸಾವಿರ ಕಿ.ಮೀ. ದೂರ, ಬೆಂಗಳೂರಲ್ಲಿ ಎಷ್ಟೋ ಆಫೀಸಿಂದ ಜನ ರೋಡಿಗೆ ಬಂದಿದ್ರು ನೆನಪಿರಬಹುದು. ಭಾವನ ಆಫೀಸು ಎತ್ತರದ ಬಿಲ್ಡಿಂಗಲ್ಲಿ, ಅವರಿಗೆ ಶಬ್ದ ಇಲ್ಲ ಗಿಬ್ದ ಇಲ್ಲ, ತಲೆ ತಿರುಗಿದ ಹಾಗಾಯ್ತಂತೆ, ಬಿಪಿ ಹೆಚ್ಚುಕಮ್ಮಿ ಆಯ್ತೇನೋ ಅಂತ ಕುರ್ಚಿ ಹಿಡ್ಕೊಂಡು ಕೂತಿದ್ರಂತೆ, ಆಮೇಲೆ ನೋಡಿದ್ರೆ ಬಾಟಲಿ ನೀರು ಮೆಲ್ಲಗೆ ತೂಗಾಡ್ತಿದೆ. ಅದೇ ಬಿಲ್ಡಿಂಗಿನ ಗೇಟಲ್ಲಿದ್ದ ಸೆಕ್ಯುರಿಟಿಗೆ ಏನೂ ಗೊತ್ತಿಲ್ಲ, ಇವರೆಲ್ಲ ಯಾಕೆ ಓಡಿ ಬರ್ತಿದಾರೆ ಅಂತ ಅವನಿಗೆ ಗಾಬರಿ. ದೂರದ ದೊಡ್ಡ ಭೂಕಂಪದಿಂದ ಬರೋ ಅಲೆ ನಿಧಾನದ್ದು, ಒಂದು ಸಲ ಆ ಕಡೆ ಈ ಕಡೆ ತೂಗೋಕೆ ಸೆಕೆಂಡುಗಟ್ಟಲೆ ತಗೊಳುತ್ತೆ. ಬಿಲ್ಡಿಂಗಿಗೂ ಅದರದ್ದೇ ಒಂದು ತೂಗಾಟದ ಲೆಕ್ಕ ಇದೆ, ಮಹಡಿಗೆ ಸುಮಾರು 0.1 ಸೆಕೆಂಡ್ ಅಂತ ಇಂಜಿನಿಯರುಗಳು ಅಂದಾಜು ಹಾಕ್ತಾರೆ, ಹತ್ತು ಮಹಡಿ ಅಂದ್ರೆ ಒಂದು ಸೆಕೆಂಡ್. ಹಾಗಾಗಿ ನಿಧಾನದ ಅಲೆಗೆ ಎತ್ತರದ ಬಿಲ್ಡಿಂಗ್ ತಾಳ ಹಾಕುತ್ತೆ, ನಮ್ಮೂರ ಹೆಂಚಿನ ಮನೆಗೆ ಅದು ಮುಟ್ಟೋದೇ ಇಲ್ಲ. ಹತ್ತಿರದ ಸಣ್ಣದು ಬಂದ್ರೆ ಹೆಂಚು ಗಡಗಡ ಅನ್ನುತ್ತೆ, ಧೂಳು ಉದುರುತ್ತೆ. ಮ್ಯಾಗ್ನಿಟ್ಯೂಡ್ ಒಂದು ಅಂಕ ಏರಿದ್ರೆ ಶಕ್ತಿ ಸುಮಾರು 32 ಪಟ್ಟು, ಆ ಲೆಕ್ಕದಲ್ಲಿ ಸುಮಾತ್ರಾದ್ದು ಹೊಳೆನರಸೀಪುರದ್ದಕ್ಕಿಂತ ಆರು ಕೋಟಿ ಪಟ್ಟು ದೊಡ್ಡದು, ಆದ್ರೂ ನಮ್ಮಜ್ಜಿಗೆ ಗೊತ್ತಾಗಿದ್ದು ಹೊಳೆನರಸೀಪುರದ್ದೇ.

ನೆಲದ ವಿಷಯಾನೂ ಇದೆ, ಬಂಡೆ ಮೇಲಿನ ಮನೆಗಿಂತ ಕೆರೆ ಮುಚ್ಚಿ ಮಣ್ಣು ತುಂಬಿ ಮಾಡಿದ ಲೇಔಟಿನ ಮನೆ ಜಾಸ್ತಿ ಅಲುಗಾಡುತ್ತೆ. 1985ರಲ್ಲಿ ಮೆಕ್ಸಿಕೋ ಸಿಟಿಲಿ ಆಗಿದ್ದು ಇದೇ, ಭೂಕಂಪ ಆಗಿದ್ದು ನೂರಾರು ಕಿ.ಮೀ. ಆಚೆ, ಬಿದ್ದಿದ್ದು ಹಳೇ ಕೆರೆ ಅಂಗಳದ ಮೇಲೆ ಕಟ್ಟಿದ ಬಿಲ್ಡಿಂಗುಗಳು. ನಮ್ಮ ಮೈಸೂರು ಮಂಡ್ಯ ದೇಶದ ಭೂಕಂಪ ಅಪಾಯದ 2002ರ ನಕ್ಷೆ ಪ್ರಕಾರ ವಲಯ 2ರಲ್ಲಿವೆ, ಅದರಲ್ಲಿ ಅದೇ ಕಡಿಮೆ ಅಪಾಯದ ವಲಯ, ಅದಕ್ಕೆ ನಾನು ನಿದ್ದೆ ಕೆಡಿಸ್ಕೊಂಡಿಲ್ಲ.

ಆದ್ರೆ ಜನ ಹೇಳೋದನ್ನೆಲ್ಲ ನಂಬಿ ಅಂತಾನೂ ನಾನು ಹೇಳಲ್ಲ. ಅವತ್ತು ಬೆಳಗ್ಗೆ ಐದು ಗಂಟೆಗೆ ನಮ್ಮ ಬೀದೀಲಿ ಗೊತ್ತಾಯ್ತು ಅಂದೋರು ಕೆಲವೇ ಜನ, ಟಿವಿಲಿ ಬಂದ ಮೇಲೆ ನೋಡಬೇಕಿತ್ತು, ಅರಳಿಕಟ್ಟೆ ಹತ್ರ ಗೊತ್ತಾಗಲಿಲ್ಲ ಅನ್ನೋನೇ ಇಲ್ಲ! ಚಿಕ್ಕಪ್ಪ ಒಬ್ರು "ಅರ್ಧ ನಿಮಿಷ ಅಲ್ಲಾಡ್ತು ಕಣಪ್ಪ, ನಾನೇ ಕಂಬ ಇಡ್ಕಂಡೆ" ಅಂದ್ರು, ಇಂಥ ಸಣ್ಣದು ಕೆಲವೇ ಸೆಕೆಂಡಲ್ಲಿ ಮುಗಿಯುತ್ತೆ, ಭಯದಲ್ಲಿ ಹೊತ್ತು ಉದ್ದ ಕಾಣುತ್ತೆ ಅನ್ನೋದು ಬೇರೆ ಮಾತು. ನಾಯಿ ಮೊದಲೇ ಬೊಗಳ್ತಿತ್ತು ಅಂದೋರೂ ಇದ್ರು. ನಮ್ಮೂರ ನಾಯಿ ಬೊಗಳದೇ ಇರೋ ರಾತ್ರಿ ಯಾವುದು ಸ್ವಾಮಿ.

ಇನ್ನೊಂದು ಗೊಂದಲ ಕಲ್ಲು ಕ್ವಾರಿದು, ಅಲ್ಲಿ ಬಂಡೆ ಸಿಡಿಸಿದಾಗ್ಲೂ ಭೂಕಂಪದ ಹಾಗೇ ಅನ್ನಿಸುತ್ತೆ. ಪಾಂಡವಪುರ ಬೇಬಿ ಬೆಟ್ಟದ ಸುತ್ತಮುತ್ತ ಇರೋ ನಮ್ಮ ನೆಂಟರಿಗೆ ಕಿಟಕಿ ಅದುರೋದು ಹೊಸದೇನಲ್ಲ, ಕೆ.ಆರ್.ಎಸ್. ಡ್ಯಾಮಿಗೆ ಏನಾದ್ರೂ ಆದೀತು ಅಂತ ವರ್ಷಗಟ್ಟಲೆ ಗಲಾಟೆ ನಡೆದು 2024ರ ಜನವರಿಲಿ ಹೈಕೋರ್ಟು ಡ್ಯಾಮಿನ ಸುತ್ತ 20 ಕಿ.ಮೀ. ಒಳಗೆ ಗಣಿಗಾರಿಕೆ ಬೇಡ ಅಂತು. ವಿಮಾನದ ಶಬ್ದಾನೂ ಹೀಗೇ ಮೋಸ ಮಾಡುತ್ತೆ, 2020ರ ಮೇ 20ರಂದು ಬೆಂಗಳೂರಲ್ಲಿ ಡಂ ಅಂದಿದ್ದಕ್ಕೆ ಎಲ್ರೂ ಭೂಕಂಪ ಅಂದ್ರು, ಅದು ವಾಯುಪಡೆ ವಿಮಾನದ್ದು.

ಹಾಗಾಗಿ ನೀವು ಮಾಡಬೇಕಾಗಿರೋದು ಇಷ್ಟು. ಅಲುಗಾಡಿದ ಟೈಮ್ ನೆನಪಿದ್ಯಾ? ಮೊಬೈಲ್ ನೋಡಿದ್ರೆ ನಿಮಿಷ ಸಮೇತ ಸಿಕ್ಕಬಹುದು, ಯಾಕಂದ್ರೆ ನೀವು ಆವಾಗಲೇ ಯಾರಿಗೋ ಮೆಸೇಜ್ ಹಾಕಿರ್ತೀರ. ಆ ಟೈಮನ್ನ ಕೆಎಸ್‌ಎನ್‌ಡಿಎಂಸಿ, ಅಂದ್ರೆ ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹಾಕೋ ಮಾಹಿತಿ ಜೊತೆ ಅಥವಾ ದೆಹಲಿಯ ರಾಷ್ಟ್ರೀಯ ಭೂಕಂಪ ಕೇಂದ್ರದ ಪಟ್ಟಿ ಜೊತೆ ಹೋಲಿಸಿ. ಇದ್ರೆ, ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ ವೆಬ್‌ಸೈಟಲ್ಲಿ ನಿಮಗೆ ಗೊತ್ತಾಯ್ತಾ ಅಂತ ಕೇಳೋ ಒಂದು ಫಾರಂ ಇದೆ, ಯಾವ ದೇಶದವರಾದ್ರೂ ತುಂಬಬಹುದು. ಎಷ್ಟನೇ ಮಹಡಿ, ಮಲಗಿದ್ರಾ, ಪಕ್ಕದಲ್ಲಿದ್ದೋರಿಗೂ ಗೊತ್ತಾಯ್ತಾ ಅಂತೆಲ್ಲ ಕೇಳ್ತಾರೆ. ನಿಮ್ಮ ಯಜಮಾನ್ರ ಕೈಲೂ ಬೇರೆಯಾಗಿ ಒಂದು ತುಂಬಿಸಿ, ಗೊತ್ತಾಗಲಿಲ್ಲ ಅನ್ನೋ ಉತ್ತರಕ್ಕೂ ಅದರಲ್ಲಿ ಜಾಗ ಇದೆ, ಅದೂ ಅವರಿಗೆ ಅಷ್ಟೇ ಬೇಕು. ಪಟ್ಟೀಲಿ ಏನೂ ಇಲ್ಲ ಅಂದ್ರೆ ಮಾತ್ರ ಒಂದ್ಸಲ ಕೆಳಗಿನ ಮನೆಯೋರ ವಾಷಿಂಗ್ ಮಷಿನ್ ಯಾವ ಹೊತ್ತಿಗೆ ತಿರುಗುತ್ತೆ ಅಂತ ವಿಚಾರಿಸಿ.