ಮಗಳ ಫೋನ್ ಕಸಿದುಕೊಳ್ಳುವ ಮುನ್ನ

ಎಂಟನೇ ತರಗತಿಯ ಮಗಳ ಫೋಟೋವನ್ನು ಸಹಪಾಠಿಗಳು ವಾಟ್ಸ್ಆ್ಯಪ್ ಸ್ಟಿಕ್ಕರ್ ಮಾಡಿ ಹಂಚುತ್ತಿದ್ದಾರೆ, ಅವಳು ಶಾಲೆಗೆ ಹೋಗಲೊಲ್ಲೆ ಎನ್ನುತ್ತಿದ್ದಾಳೆ, ಫೋನ್ ಕಿತ್ತಿಟ್ಟುಕೊಳ್ಳಲೇ ಎಂದು ಮಂಡ್ಯದಿಂದ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಮೈಸೂರಿನ ನಮ್ಮ ಮನೆಯಲ್ಲಿ ನಾನು ಅದೇ ತಪ್ಪು ಮಾಡಿದ್ದೆ. ಹೇಳಿದರೆ ತನಗೇ ಶಿಕ್ಷೆ ಎಂದು ತಿಳಿದ ಮಗ ಮುಂದೆ ಏನನ್ನೂ ಹೇಳಲಿಲ್ಲ, ಊಟದ ಡಬ್ಬಿಯ ಚಿತ್ರಾನ್ನ ಮಾತ್ರ ಮುಟ್ಟದೆ ಹಾಗೆಯೇ ಸಂಜೆ ಮನೆಗೆ ಬರುತ್ತಿತ್ತು.

ಕಳುಹಿಸಿದವರು ಸಂದೇಶವನ್ನು ಎಲ್ಲರ ಫೋನಿನಿಂದಲೂ ಅಳಿಸಿಬಿಡಬಹುದಾದ್ದರಿಂದ, ನಂಬರ್, ದಿನಾಂಕ ಮತ್ತು ಗುಂಪಿನ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್‌ಗಳನ್ನು ಇಂದೇ, ಮಗಳ ಜೊತೆಯಲ್ಲೇ ಕುಳಿತು, ತೆಗೆದಿಡಿ. ಗುಂಪಿನಿಂದ ಹೊರಬರುವುದು, ಬ್ಲಾಕ್ ಮಾಡುವುದು ಅದರ ನಂತರದ ಮಾತು. ಆಮೇಲೆ ಮುಖ್ಯೋಪಾಧ್ಯಾಯರಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರು ಸಿಬ್ಬಂದಿ ಕೊಠಡಿಯ ಬಾಗಿಲಲ್ಲೇ ಕರಗಿಹೋಗುತ್ತದೆ. ಆ ಮಕ್ಕಳ ತಂದೆತಾಯಿಯರೊಂದಿಗೆ ಶಾಲೆಯ ಗೇಟಿನಲ್ಲಿ ಜಗಳಕ್ಕೆ ನಿಲ್ಲಬೇಡಿ, ಏಕೆಂದರೆ ಮರುದಿನ ತರಗತಿಯಲ್ಲಿ ಅದರ ಬೆಲೆ ತೆರುವವಳು ನಿಮ್ಮ ಮಗಳು.

ಚಿತ್ರವನ್ನು ಅಶ್ಲೀಲವಾಗಿ ತಿರುಚಿದ್ದರೆ ವಿಷಯ ಶಾಲೆಯ ಕೈಮೀರಿದ್ದು: ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ, ಮಕ್ಕಳ ಅಶ್ಲೀಲ ಚಿತ್ರ ಹಂಚುವುದನ್ನು ಅಪರಾಧವೆನ್ನುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಅನ್ವಯಿಸಬಹುದು. ಅಂಥ ಚಿತ್ರವನ್ನು ಸಾಕ್ಷಿಗೆಂದು ಸಂಬಂಧಿಕರಿಗೆ ಫಾರ್ವರ್ಡ್ ಮಾಡದೆ ನೇರವಾಗಿ ಪೊಲೀಸರಿಗೆ ತೋರಿಸಿ. ಮಕ್ಕಳ ಸಹಾಯವಾಣಿ 1098 ಹಗಲಿರುಳೂ ಉಚಿತ. ಮಗಳೇ ಕರೆ ಮಾಡಿ ಮಾತನಾಡಬಹುದು.