ಇಟಲಿಯ ಸರೋವರದ ಊರುಗಳಿಗೆ ಸಣ್ಣ ಗುಂಪಿನ ಪ್ರವಾಸದಲ್ಲಿ ಹೋಗುವುದು ಒಳ್ಳೆಯದೇ?

ಒಂಟಿಯಾಗಿ ಹೋಗಲು ಅಳುಕು, ಶುದ್ಧ ಸಸ್ಯಾಹಾರ, ಇಟಾಲಿಯನ್ ಬಾರದು. ಹೀಗಿರುವಾಗ ಹನ್ನೆರಡು ಜನರ ಗುಂಪಿನಲ್ಲಿ ಮಾರ್ಗದರ್ಶಿಯೊಂದಿಗೆ ಕೋಮೊ ಮತ್ತು ಮಜ್ಜೋರೆ ಸರೋವರಗಳ ಊರುಗಳಿಗೆ ಹೋಗುವುದೇ ಕ್ಷೇಮವಲ್ಲವೇ ಎಂದು ಕೇಳಿದ್ದೀರಿ. ನಿವೃತ್ತಿಯಾದ ಮೇಲೆ ನಾನು ಇದೇ ಕಾರಣಗಳಿಗಾಗಿ ಇಂಥದೇ ಗುಂಪನ್ನು ಸೇರಿದ್ದೆ. ಜೊತೆಗಿದ್ದವರು ಸಜ್ಜನರು, ಮಾರ್ಗದರ್ಶಿ ಬಹಳ ತಿಳಿದವರು, ಆದರೂ ನಾನು ನೋಡಲೇಬೇಕೆಂದು ಹೊರಟಿದ್ದ ಎರಡು ಸ್ಥಳಗಳು ತಪ್ಪಿಹೋದವು. ಅದಕ್ಕೆ ಗುಂಪು ಕಾರಣವಲ್ಲ, ಆದ್ದರಿಂದಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಾನು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಕೋಮೊ ನನಗೆ ಮೊದಲಿಗೆ ವಿದ್ಯುತ್ ಬ್ಯಾಟರಿಯನ್ನು ಕಂಡುಹಿಡಿದ ವೋಲ್ಟಾನ ಊರು. ಅವನು 1745ರಲ್ಲಿ ಹುಟ್ಟಿದ್ದು ಅಲ್ಲಿಯೇ. ಅವನು ತೀರಿಕೊಂಡು ನೂರು ವರ್ಷ ತುಂಬಿದ 1927ರಲ್ಲಿ ಅಲ್ಲಿ ಜಗತ್ತಿನ ದೊಡ್ಡ ದೊಡ್ಡ ಭೌತವಿಜ್ಞಾನಿಗಳೆಲ್ಲ ಸೇರಿದ್ದರು. ಕಣ ಮತ್ತು ಅಲೆ ಎಂಬ ಎರಡು ವಿವರಣೆಗಳು ಒಂದಕ್ಕೊಂದು ಪೂರಕ ಎಂಬ ತಮ್ಮ ವಿಚಾರವನ್ನು ನೀಲ್ಸ್ ಬೋರ್ ಮೊದಲು ಮಂಡಿಸಿದ್ದು ಆ ಸಭೆಯಲ್ಲಿ. ನಮ್ಮ ಮೇಘನಾದ ಸಹಾ ಮತ್ತು ದೇವೇಂದ್ರ ಮೋಹನ ಬೋಸ್ ಕೂಡ ಅದರಲ್ಲಿ ಭಾಗವಹಿಸಿದ್ದರು. ಸರೋವರದ ದಂಡೆಯಲ್ಲಿ ವೋಲ್ಟಾನ ಹೆಸರಿನ ಗುಡಿಯಂಥ ವಸ್ತುಸಂಗ್ರಹಾಲಯವಿದೆ. ಇನ್ನು ಅದೇ ಸರೋವರದ ದಂಡೆಯ ವರೆನ್ನಾ ಊರಿನ ವಿಲ್ಲಾ ಮೊನಾಸ್ತೇರೊ ಎಂಬ ಬಂಗಲೆಯಲ್ಲಿ 1953ರಿಂದ ಭೌತಶಾಸ್ತ್ರದ ಅಂತರರಾಷ್ಟ್ರೀಯ ಬೇಸಿಗೆ ಶಾಲೆ ನಡೆಯುತ್ತಿದೆ. ಭೌತವಿಜ್ಞಾನಿ ಎನ್ರಿಕೋ ಫೆರ್ಮಿ 1954ರ ಬೇಸಿಗೆಯಲ್ಲಿ, ತಮ್ಮ ಸಾವಿಗೆ ಕೆಲವೇ ತಿಂಗಳ ಮೊದಲು, ಅಲ್ಲಿ ಉಪನ್ಯಾಸ ಕೊಟ್ಟಿದ್ದರು. ಆ ಶಾಲೆಗೆ ಈಗ ಅವರದೇ ಹೆಸರಿದೆ. ಪ್ರವಾಸದ ಪಟ್ಟಿಯಲ್ಲಿ ಕೋಮೊ ಇತ್ತು, ವರೆನ್ನಾ ಇತ್ತು, ಗುಂಪೂ ಚಿಕ್ಕದಾಗಿತ್ತು. ಇಷ್ಟು ನೋಡಿ ಹಣ ಕಟ್ಟಿದೆ.

ಇನ್ನು ತಪ್ಪಿನ ವಿಷಯ. ವೀಸಾ ಅರ್ಜಿಗೆ ಪ್ರತಿ ರಾತ್ರಿ ಎಲ್ಲಿ ತಂಗುತ್ತೇವೆ ಎಂಬ ದಾಖಲೆ ಬೇಕಾಗುತ್ತದೆ. ಆ ಕಾಗದಗಳಲ್ಲಿದ್ದದ್ದು ಮೆನಾಜಿಯೊ ಎಂಬ ದಂಡೆಯ ಊರಿನ ಹೋಟೆಲ್. ಹೊರಡಲು ಕೆಲವು ವಾರಗಳಿರುವಾಗ, ಆ ಹೋಟೆಲ್ ಸಿಗದ ಕಾರಣ ಅದೇ ದರ್ಜೆಯ ಇನ್ನೊಂದನ್ನು ಗೊತ್ತುಮಾಡಿದ್ದೇವೆ ಎಂದು ಪ್ರವಾಸ ಸಂಸ್ಥೆಯವರು ಮಿಂಚಂಚೆ ಕಳಿಸಿದರು. ಒಪ್ಪಂದದ ಷರತ್ತುಗಳಲ್ಲಿ ‘ಅಥವಾ ಅದಕ್ಕೆ ಸಮಾನವಾದ ಹೋಟೆಲ್’ ಎಂಬ ಸಾಲು ಮೊದಲೇ ಇತ್ತು. ನಾನು ಹೊಸ ಹೋಟೆಲಿನ ನಕ್ಷತ್ರಗಳನ್ನು ಎಣಿಸಿದೆ, ಕೋಣೆಯ ಚಿತ್ರ ನೋಡಿದೆ, ಬೆಳಗಿನ ಉಪಾಹಾರಕ್ಕೆ ಹಣ್ಣು, ಮೊಸರು ಇದೆಯೇ ಎಂದು ಓದಿದೆ, ವಿಳಾಸದಲ್ಲಿ ಕೋಮೊ ಎಂದಿದ್ದುದನ್ನು ಕಂಡು ಸಮಾಧಾನಪಟ್ಟೆ. ಭೂಪಟ ತೆರೆದು ಆ ವಿಳಾಸ ಎಲ್ಲಿದೆ ಎಂದು ಮಾತ್ರ ನೋಡಲಿಲ್ಲ. ಕೋಮೊ ಎಂಬ ಊರಿರುವಂತೆ ಕೋಮೊ ಎಂಬ ಪ್ರಾಂತ್ಯವೂ ಇದೆ, ಆ ಪ್ರಾಂತ್ಯದ ದಕ್ಷಿಣದ ಬಯಲಿನಲ್ಲಿ ನೀರು ಕಣ್ಣಿಗೂ ಬೀಳುವುದಿಲ್ಲ. ನಮ್ಮ ಹೋಟೆಲ್ ಇದ್ದದ್ದು ಆ ಬಯಲಿನಲ್ಲಿ, ಹೆದ್ದಾರಿಯ ಪಕ್ಕದಲ್ಲಿ, ಗೋದಾಮುಗಳ ನಡುವೆ. ಎರಡು ನಿಮಿಷ ಭೂಪಟ ನೋಡಿದ್ದರೆ, ಇದು ಸಮಾನವಲ್ಲ, ದಂಡೆಯ ಊರೇ ಬೇಕು, ಇಲ್ಲದಿದ್ದರೆ ಹಣ ಹಿಂದಿರುಗಿಸಿ ಎಂದು ಬರೆಯಲು ಆಗ ಇನ್ನೂ ಸಮಯವಿತ್ತು.

ಹೋಟೆಲ್ ದೂರವಾದರೆ ಬಸ್ಸಿದೆಯಲ್ಲ ಎಂದು ನಿಮಗೆ ಅನಿಸಬಹುದು. ನನಗೂ ಹಾಗೆಯೇ ಅನಿಸಿತ್ತು. ಆದರೆ ಯುರೋಪಿನಲ್ಲಿ ಇಂಥ ಬಸ್ಸಿನ ಚಾಲಕರಿಗೆ ದಿನಕ್ಕೆ ಸಾಮಾನ್ಯವಾಗಿ 11 ಗಂಟೆಗಳ ನಿರಂತರ ವಿಶ್ರಾಂತಿ ಕೊಡಲೇಬೇಕೆಂಬ ನಿಯಮವಿದೆ. ನ್ಯಾಯವಾದ ನಿಯಮವೇ, ಅದರಿಂದ ನಮ್ಮೆಲ್ಲರ ಜೀವಕ್ಕೂ ರಕ್ಷಣೆ. ಅದರ ಫಲವಾಗಿ ರಾತ್ರಿ ತಡವಾಗಿ ಬಂದರೆ ಬೆಳಿಗ್ಗೆ ತಡವಾಗಿ ಹೊರಡಬೇಕು, ಬೇಗ ಹೊರಡಬೇಕಾದರೆ ಸಂಜೆ ಬೇಗ ಮರಳಬೇಕು. ಸರೋವರದ ಅಂಚಿನ ರಸ್ತೆಗಳೋ, ಒಂದು ಕಡೆ ಬಂಡೆ, ಇನ್ನೊಂದು ಕಡೆ ನೀರು, ಎದುರಿನಿಂದ ದೊಡ್ಡ ವಾಹನ ಬಂದರೆ ಒಬ್ಬರು ಹಿಂದೆ ಸರಿಯಬೇಕಾದಷ್ಟು ಕಿರಿದು. ನಾವು ಬೆಲ್ಲಾಜಿಯೊ ಎಂಬ ದಂಡೆಯ ಊರು ತಲುಪುವ ಹೊತ್ತಿಗೆ ಮಿಲಾನಿನಿಂದ ಒಂದು ದಿನದ ಮಟ್ಟಿಗೆ ಬಂದವರೆಲ್ಲ ನಮಗಿಂತ ಮೊದಲೇ ಬಂದಿದ್ದರು. ಮೆಟ್ಟಿಲುಗಳ ಓಣಿಯಲ್ಲಿ ಜನರ ಬೆನ್ನುಗಳನ್ನು ನೋಡುತ್ತ ಹತ್ತಿ, ಹಾಗೆಯೇ ಇಳಿದೆವು. ದೋಣಿಯ ಸಾಲು ಮುಂದೆ ಸರಿಯದೆ ವರೆನ್ನಾ ಕೈಬಿಟ್ಟುಹೋಯಿತು. ಎದುರು ದಂಡೆಯಲ್ಲಿ ಅದು ಕಾಣುತ್ತಿತ್ತು. ಕೋಮೊ ಊರಿಗೆ ಬಂದಾಗ ಸಂಜೆಯಾಗಿ ವೋಲ್ಟಾನ ಸಂಗ್ರಹಾಲಯದ ಬಾಗಿಲು ಹಾಕಿತ್ತು.

ಹಾಗೆಂದು ಮಾರ್ಗದರ್ಶಿಯೇ ಬೇಡ ಎಂದು ನಾನು ಹೇಳುವುದಿಲ್ಲ. ಆ ಪ್ರವಾಸದಲ್ಲಿ ನನಗೆ ಅತ್ಯಂತ ಹೆಚ್ಚು ದಕ್ಕಿದ್ದು ಓರ್ತಾ ಎಂಬ ಚಿಕ್ಕ ಸರೋವರದಲ್ಲಿ. ಅದರ ನಡುವೆ ಸಾನ್ ಜೂಲಿಯೊ ದ್ವೀಪವಿದೆ, ಅದರ ತುಂಬ ಬೆನೆಡಿಕ್ಟೀನ್ ಪಂಥದ ಕ್ರೈಸ್ತ ಸನ್ಯಾಸಿನಿಯರ ಮಠ. ಸಂತ ಜೂಲಿಯೊ ತನ್ನ ಮೇಲಂಗಿಯನ್ನು ನೀರಿನ ಮೇಲೆ ಹಾಸಿ ದ್ವೀಪಕ್ಕೆ ಬಂದು ಅಲ್ಲಿದ್ದ ಸರ್ಪಗಳನ್ನು ಓಡಿಸಿದನೆಂಬ ಐತಿಹ್ಯವನ್ನು ಮಾರ್ಗದರ್ಶಿ ಹೇಳಿದರು. ನಾಗರಕಲ್ಲುಗಳನ್ನು ಪೂಜಿಸುವ ಊರಿನಿಂದ ಹೋದ ನಾನು ಅದನ್ನು ಬೇರೆಯೇ ಆಸಕ್ತಿಯಿಂದ ಕೇಳಿಸಿಕೊಂಡೆ. ಅಲ್ಲಿನ ಬಸಿಲಿಕಾ ಎಂಬ ಚರ್ಚಿನೊಳಗೆ ಹನ್ನೆರಡನೆಯ ಶತಮಾನದ, ಕಡುಬಣ್ಣದ ಸರ್ಪೆಂಟೈನ್ ಶಿಲೆಯ ಪ್ರವಚನ ಪೀಠವಿದೆ. ಅದರ ಮೇಲೆ ಕೆತ್ತಿದ ಮೃಗಗಳನ್ನು ಅವರು ಒಂದೊಂದಾಗಿ ಬೆರಳು ಮಾಡಿ ತೋರಿಸಿದ ಮೇಲೆಯೇ ಅವು ನನಗೆ ಬಿಡಿಬಿಡಿಯಾಗಿ ಕಂಡವು. ಒಬ್ಬಳೇ ಹೋಗಿದ್ದರೆ ಕಪ್ಪು ಕಲ್ಲೊಂದನ್ನು ದಾಟಿ ಮುಂದೆ ಹೋಗುತ್ತಿದ್ದೆ. ಮಠವನ್ನು ಸುತ್ತುವ ದಾರಿಯುದ್ದಕ್ಕೂ ಮೌನದ ಬಗ್ಗೆ ಚಿಕ್ಕ ಚಿಕ್ಕ ಫಲಕಗಳಿವೆ. ಅಲ್ಲಿ ಮಾರ್ಗದರ್ಶಿ ಮಾತು ನಿಲ್ಲಿಸಿ ನಮ್ಮನ್ನು ಬಿಡಿಬಿಡಿಯಾಗಿ ನಡೆಯಲು ಬಿಟ್ಟರು. ಎಲ್ಲಿ ಮಾತನಾಡಬೇಕು, ಎಲ್ಲಿ ಸುಮ್ಮನಿರಬೇಕು ಎಂದು ಬಲ್ಲ ಇಂಥವರಿಗೆ ಕೊಟ್ಟ ಹಣ ಸಾರ್ಥಕ. ಮಜ್ಜೋರೆಯ ಇಸೋಲಾ ಬೆಲ್ಲಾ ದ್ವೀಪದ ಬೊರೊಮೆಯೊ ಅರಮನೆಗೂ ಈ ಮಾತು ಸಲ್ಲುತ್ತದೆ. ಹತ್ತು ಅಂತಸ್ತಿನ ಆ ತೋಟ, ಬಿಳಿ ನವಿಲುಗಳು, ಬೆಣಚುಕಲ್ಲುಗಳನ್ನು ಒತ್ತೊತ್ತಾಗಿ ಜೋಡಿಸಿದ ತಂಪು ಗುಹಾಕೋಣೆಗಳು ವಿವರಿಸುವವರಿದ್ದರೆ ಅರ್ಥವಾಗುತ್ತವೆ.

ಮುಂದೆ ತಂಗಿಯೊಂದಿಗೆ ಮತ್ತೆ ಹೋದಾಗ ಯಾವ ಗುಂಪೂ ಇಲ್ಲದೆ ವರೆನ್ನಾದಲ್ಲೇ ಉಳಿದೆ. ಮಿಲಾನಿನ ಚೆಂತ್ರಾಲೆ ನಿಲ್ದಾಣದಿಂದ ಅಲ್ಲಿಗೆ ರೈಲಿನಲ್ಲಿ ಒಂದು ಗಂಟೆಯ ಚಿಲ್ಲರೆ ದಾರಿ. ಅಲ್ಲಿಂದ ಬೆಲ್ಲಾಜಿಯೊ, ಮೆನಾಜಿಯೊಗಳಿಗೆ ಹಗಲಿಡೀ ದೋಣಿಗಳು ಓಡಾಡುತ್ತವೆ. ಒಂದೊಂದು ದಾಟು ಕಾಲು ಗಂಟೆಯ ಆಸುಪಾಸು. ಬೆಳಿಗ್ಗೆ ಉತ್ತರದಿಂದ ತಿವಾನೊ ಎಂಬ ಗಾಳಿ, ಮಧ್ಯಾಹ್ನದ ಮೇಲೆ ದಕ್ಷಿಣದಿಂದ ಬ್ರೇವಾ ಎಂಬ ಗಾಳಿ ಬೀಸುವುದನ್ನು ಕಿಟಕಿಯಲ್ಲಿ ಕುಳಿತು ತಿಳಿದುಕೊಂಡೆವು. ಮೊದಲ ದೋಣಿ ಹಿಡಿದು ಹೋದರೆ ಬೆಲ್ಲಾಜಿಯೊದಲ್ಲಿ ಅಂಗಡಿಯವರು ಬಾಗಿಲು ತೆರೆದು ಮೆಟ್ಟಿಲು ತೊಳೆಯುತ್ತಿದ್ದರು. ಫೆರ್ಮಿ ಪಾಠ ಮಾಡಿದ ವಿಲ್ಲಾವನ್ನೂ, ಬೇರೊಂದು ದಿನ ವೋಲ್ಟಾನ ಉಪಕರಣಗಳನ್ನೂ ನೋಡಿದೆ. ಅವನ ಮೂಲ ಉಪಕರಣಗಳಲ್ಲಿ ಬಹಳಷ್ಟು 1899ರ ಪ್ರದರ್ಶನದ ಬೆಂಕಿಯಲ್ಲಿ ಸುಟ್ಟುಹೋಗಿದ್ದು, ಉಳಿದವುಗಳ ಜೊತೆ ಪ್ರತಿಕೃತಿಗಳನ್ನು ಇಟ್ಟಿದ್ದಾರೆ.

ಆದ್ದರಿಂದ, ಗುಂಪೋ ಒಂಟಿಯೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಗುಂಪಿನಲ್ಲಿ ಹನ್ನೆರಡು ಜನರಿದ್ದಾರೆಯೇ ಮೂವತ್ತು ಜನರಿದ್ದಾರೆಯೇ ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದು ಮುಖ್ಯ. ರೈಲು, ದೋಣಿ ಇಷ್ಟು ಸುಲಭವಿರುವ ಸೀಮೆಯಲ್ಲಿ ಒಂಟಿತನದ ಭಯಕ್ಕಾಗಿ ಇಡೀ ಪ್ರವಾಸವನ್ನು ಬಸ್ಸಿಗೆ ಒಪ್ಪಿಸಬೇಡಿ. ಅಳುಕು ಹೋಗದಿದ್ದರೆ ದಂಡೆಯ ಊರೊಂದರಲ್ಲಿ ನೆಲೆನಿಂತು, ಓರ್ತಾ ಅಥವಾ ಇಸೋಲಾ ಬೆಲ್ಲಾಕ್ಕೆ ಆ ದಿನದ ಮಟ್ಟಿಗೆ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಳ್ಳಿ. ಅದೇ ವಾರದಲ್ಲಿ ವೆನಿಸ್, ಫ್ಲಾರೆನ್ಸ್‌ಗಳನ್ನೂ ತುರುಕಿರುವ ಯೋಜನೆಯನ್ನು ಓದುವುದಕ್ಕೂ ಹೋಗಬೇಡಿ. ಆಗಸ್ಟ್ ಬೇಡ, ಮೇ ಅಥವಾ ಸೆಪ್ಟೆಂಬರ್ ಆರಿಸಿಕೊಳ್ಳಿ.

ಊಟದ ಭಯ ದೊಡ್ಡದೇನಲ್ಲ, ಆದರೆ ಎಚ್ಚರ ಬೇಕು. ರಿಸೊಟ್ಟೊ ಎಂಬ ಅನ್ನದ ಖಾದ್ಯದಲ್ಲಿ ಮಾಂಸ ಕಾಣದಿದ್ದರೂ ಅದನ್ನು ಮಾಂಸದ ಸಾರಿನಲ್ಲಿ ಬೇಯಿಸಿರುವುದುಂಟು. ತರಕಾರಿಯ ಸಾರೇ ಎಂದು ಕೇಳಿ. ಅಲ್ಲಿನ ಪಾರ್ಮೆಸಾನ್ ಚೀಸಿಗೆ ಹಾಲನ್ನು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ವಸ್ತುವನ್ನು ಬಳಸುತ್ತಾರೆ, ನೀವು ಅಷ್ಟು ಕಟ್ಟುನಿಟ್ಟಾದರೆ ಅದನ್ನು ಬೇಡವೆನ್ನಿ. ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ ನಮ್ಮ ಮುದ್ದೆಯಂತೆ ಹೊಟ್ಟೆ ತುಂಬಿಸುತ್ತದೆ. ಅಣಬೆಯ ಗೊಜ್ಜಿನೊಂದಿಗೆ ನನಗೆ ಹಿಡಿಸಿತು.

ಇಷ್ಟಾದ ಮೇಲೂ ಗುಂಪನ್ನೇ ಸೇರುವುದಾದರೆ, ಮುಂಗಡ ಕೊಡುವ ಮೊದಲು ಪ್ರತಿ ರಾತ್ರಿಯ ಹೋಟೆಲಿನ ಹೆಸರು ಪಡೆದು ಭೂಪಟದಲ್ಲಿ ನೋಡಿ. ಬದಲಾದರೆ ದೋಣಿಕಟ್ಟೆಗೆ ನಡೆದು ಹೋಗುವಷ್ಟು ಹತ್ತಿರದ ಹೋಟೆಲನ್ನೇ ಕೊಡುತ್ತೇವೆ, ಇಲ್ಲವಾದರೆ ಹಣ ಮರಳಿಸುತ್ತೇವೆ ಎಂದು ಬರೆಸಿಕೊಳ್ಳಿ. ವಿಲ್ಲಾಗಳ ಒಳಗೆ ಪ್ರವೇಶವಿದೆಯೋ, ದೋಣಿಯಿಂದ ತೋರಿಸಿ ಮುಂದೆ ಹೋಗುತ್ತಾರೋ ಎಂಬುದನ್ನೂ, ಒಬ್ಬರೇ ಇರುವ ಕೋಣೆಗೆ ಎಷ್ಟು ಹೆಚ್ಚು ಹಣವೆಂಬುದನ್ನೂ ಆಗಲೇ ಕೇಳಿ. ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಆತುರಪಡುವ ಅಗತ್ಯವಿಲ್ಲದಷ್ಟು ಸಮಯ ನಿಮಗಿದೆ; ಇವುಗಳಿಗೆ ಬರವಣಿಗೆಯಲ್ಲಿ ಉತ್ತರ ಬರುವವರೆಗೆ ಹಣ ಕಟ್ಟಬೇಡಿ.